ಮೊಣಕಾಲೋ ಸೊಂಟವೋ

ಸರ್ಕಾರ ನಮ್ಮ ಊರಿನ ನೆರೆಯನ್ನು ಅಳೆಯೋದಕ್ಕೆ ದುಡ್ಡು ಕೊಟ್ಟಿದೆ ಅನ್ನುವ ಸುದ್ದಿಯನ್ನು ಮನೆಗೆ ತಂದವನು ಮಾವ, ಅಂದರೆ ಅವ್ವನ ತಮ್ಮ. ಕುರಿಚಿಯ ಒಂದು ಫೌಂಡ್ರಿಯಲ್ಲಿ ಅವನಿಗೆ ಕೆಲಸ. ಪಾಳಿ ಮುಗಿಸಿ ಬಸ್ಸಿಳಿದವನು ಕೈಯ ಮಸಿ ಕೂಡ ತೊಳೆಯದೆ ನಮ್ಮ ಮೆಟ್ಟಿಲ ಮೇಲೆ ಕೂತ.

"ಭಾವ, ಮದರಾಸಿಂದ ದುಡ್ಡು ಮಂಜೂರಾಗೈತಂತೆ. ಹಳ್ಳದ ನೀರು ಊರೊಳಗೆ ಎಲ್ಲೀ ತನಕ ಬರ್ತೈತೆ ಅಂತ ಅಳೆದು ಗೆರೆ ಹಾಕ್ತಾರಂತೆ. ಗೆರೆ ಒಳಗೆ ಸಿಕ್ಕಿದ ಮನೆಗೆ ದೊಡ್ಡ ಕುಂಬಿಡು, ಕೈಮುಗಿದು ಎದ್ದು ಹೋಗೋದೇ."

ಅಪ್ಪ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಲಾಳಿ ಓಡೋದು ನಿಂತಿತು.

"ಯಾರು ಹೇಳಿದ್ದು?"

"ಟೀ ಅಂಗಡೀಲಿ."

"ಟೀ ಅಂಗಡೀಲಿ ಹೇಳಿದ್ದಕ್ಕೆಲ್ಲ ಮನೆ ಖಾಲಿ ಮಾಡ್ತಾರಾ ಮಾವ? ಆಧಾರ ಏನು?" ಅಂದೆ ನಾನು.

"ಬಂದ್ಳಪ್ಪಾ ವಕೀಲಮ್ಮ! ಆಧಾರ ಬೇಕಂತೆ. ಇರು, ಮುಂದಿನ ಸಲ ಟೀ ಮಾಸ್ಟರ್ ಕೈಲಿ ಸೀಲ್ ಹಾಕಿಸ್ಕೊಂಡು ಬರ್ತೀನಿ."

ಆಗ ನಾನು ಕೊಯಮತ್ತೂರಿನ ಕಾಲೇಜಿಗೆ ಬಸ್ಸಲ್ಲಿ ಹೋಗಿ ಬರುತ್ತಿದ್ದೆ. ಶಾಲೆಯ ದಿನಗಳಿಂದಲೇ ಪಟ್ಟಿಮನ್ರ ಅಂದರೆ ಪ್ರಾಣ. ಹಬ್ಬದ ಪೆಂಡಾಲಲ್ಲಿ ಎರಡು ಪಂಗಡ ಕಟ್ಟಿಕೊಂಡು, ನಡುವೆ ತೀರ್ಪುಗಾರರನ್ನು ಕೂಡಿಸಿಕೊಂಡು ವಾದ ಮಾಡುವ ಆಟ ಅದು. ಕಾಲೇಜಿನಲ್ಲಿ ನಮಗೆ ಕಲಿಸುತ್ತಿದ್ದ ಮೇಷ್ಟ್ರು ಚೀಟಿ ಎತ್ತಿಸಿ ಪಕ್ಷ ಕೊಡುತ್ತಿದ್ದರು. ಬೆಳಿಗ್ಗೆ ಒಂದು ಕಡೆಗೆ ಗೆದ್ದವರು ಮಧ್ಯಾಹ್ನ ಅದರ ವಿರುದ್ಧ ಗೆಲ್ಲಬೇಕು. ನಾನು ಗೆಲ್ಲುತ್ತಿದ್ದೆ. ಊರಲ್ಲಿ ನನ್ನನ್ನು ಬಾಯಾಳಿ ಅನ್ನುತ್ತಿದ್ದರು, ಅದನ್ನೂ ನಾನು ಪದಕದ ಹಾಗೆ ಹಾಕಿಕೊಂಡು ಓಡಾಡುತ್ತಿದ್ದೆ.

ಟೀ ಅಂಗಡಿಯ ಸುದ್ದಿ ನಿಜವಾಗಿತ್ತು, ಅರ್ಧದಷ್ಟು. ದುಡ್ಡು ಬಂದಿತ್ತು. ನಗರಸಭೆಯ ನೋಟೀಸು ಬೋರ್ಡಿನಲ್ಲಿ ಹಾಕಿದ್ದರು: ನೆರೆಯ ಅಪಾಯದ ಬಗ್ಗೆ ಅಧ್ಯಯನ ನಡೆಯುತ್ತದೆ, ಸಾರ್ವಜನಿಕರು ಸಹಕರಿಸಬೇಕು. ಗೆರೆ ಒಳಗಿನವರನ್ನು ಎತ್ತಂಗಡಿ ಮಾಡುತ್ತಾರೆ ಅಂತ ಅದರಲ್ಲಿ ಇರಲಿಲ್ಲ. ಮಾಡುವುದಿಲ್ಲ ಅಂತಲೂ ಇರಲಿಲ್ಲ. ಊರಿನ ಬಾಯಿ ಆ ಖಾಲಿ ಜಾಗವನ್ನು ತುಂಬಿತು. ಮದುಕ್ಕರೈ ಕಡೆಗೆ ಹೋಗುವ ದಾರಿಯ ಕಲ್ಲು ಬಯಲಲ್ಲಿ ಜಾಗ ಗುರುತು ಮಾಡಿಯಾಗಿದೆಯಂತೆ ಅಂತ ಒಬ್ಬರು. ಒಂದು ಕೋಣೆ, ಶೀಟಿನ ಮಾಡು ಅಂತ ಇನ್ನೊಬ್ಬರು.

ಕಲ್ಲು ಬಯಲು ಅಂದರೆ ಬೇರೆಯವರಿಗೆ ಬರೀ ದೂರ. ನಮಗೆ ಹಾಗಲ್ಲ. ನಮ್ಮದು ಗುಂಡಿ ಮಗ್ಗ, ನೆಲ ತೋಡಿ ಕಾಲಿಡೋ ಜಾಗ ಮಾಡಿದರೆ ಮಾತ್ರ ಮಗ್ಗ. ಬಂಡೆ ಮೇಲೆ ಯಾರು ತೋಡುತ್ತಾರೆ? ಜೊತೆಗೆ ಪಾವು ಹಾಸಲು ನೆಟ್ಟಗೆ ಉದ್ದವಾದ ಬೀದಿ ಬೇಕು. ನೇಯುವ ಮುಂಚೆ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸಬೇಕು. ನಮ್ಮ ಬೀದಿ ಇರೋದೇ ಅದಕ್ಕೆ. ಮನೆ ಹೋದರೆ ಅಪ್ಪನಿಗೆ ಮನೆ ಮಾತ್ರ ಹೋಗುತ್ತಿರಲಿಲ್ಲ, ಕೈ ಹೋಗುತ್ತಿತ್ತು. ನಮ್ಮ ಮನೆಯೋ ಬೀದಿಯ ಕೊನೆಯದು. ಹಿಂದಿನ ಗೋಡೆಯ ಆಚೆಗೆ ಹಳ್ಳ, ಹಳ್ಳ ಹೋಗಿ ಸೇರೋದು ನೊಯ್ಯಲ್ ಹೊಳೆಗೆ.

ಎರಡು ವರ್ಷದ ಹಿಂದೆ ದೀಪಾವಳಿ ಹೊತ್ತಿನ ಮಳೆಗೆ ಆ ಹಳ್ಳ ಮನೆಗೆ ಬಂದಿತ್ತು. ಬಾಗಿಲಿಂದ ಬರೋಕೆ ಮೊದಲು ಮಗ್ಗದ ಗುಂಡಿಯಲ್ಲಿ ಎದ್ದಿತ್ತು, ನೆಲದೊಳಗಿಂದ, ಸದ್ದಿಲ್ಲದೆ. ಅಪ್ಪ ಏನಾಗುತ್ತಿದೆ ಅಂತ ನೋಡುವಷ್ಟರಲ್ಲಿ ಕಾಲು ಮುಳುಗಿತ್ತು. ಆಮೇಲೆ ಬಾಗಿಲು. ಅವ್ವ ಅಟ್ಟದ ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದಳು, ನೀರು ಅವಳ ಸೊಂಟದ ಮೇಲಿತ್ತು. ಮಗ್ಗದ ಮೇಲಿದ್ದ ಪಾವು ಕೆಸರಿನ ಹಗ್ಗವಾಯಿತು. ಅಂದಿನಿಂದ ದೀಪಾವಳಿಯ ಐಪ್ಪಸಿ ತಿಂಗಳು ಬಂತೆಂದರೆ ಅವ್ವ ಅಡಿಗೆ ಮಾಡುವಾಗಲೂ ನಡುನಡುವೆ ಬಂದು ಗುಂಡಿಗೆ ಇಣುಕಿ ಹೋಗುತ್ತಾಳೆ.

ನನ್ನ ವಾದ ತಯಾರಿತ್ತು. ಹಳ್ಳದಲ್ಲಿ ಹೂಳು ತುಂಬಿದೆ, ಅದನ್ನು ಎತ್ತಲು ದುಡ್ಡಿಲ್ಲ. ನೀರು ಎಷ್ಟು ಬಂತು ಅಂತ ಕೇಳೋದಕ್ಕೆ ದುಡ್ಡಿದೆ. ಎಷ್ಟು ಬಂತು ಅಂತ ನಮಗೆ ಗೊತ್ತು. ನಮಗೆ ಗೊತ್ತಿರೋದನ್ನೇ ನಮ್ಮಿಂದ ಕೇಳಿ, ಅದನ್ನೇ ಬರೆದುಕೊಂಡು, ಅದರಿಂದಲೇ ನಮ್ಮ ಬಾಗಿಲಿಗೆ ಗೆರೆ ಎಳೆಯೋದಕ್ಕೆ ಸರ್ಕಾರ ಹಣ ಕೊಡುತ್ತೆ! ಇದನ್ನು ಬಸ್ಸಲ್ಲಿ ಹೇಳಿದೆ, ಬಾವಿಕಟ್ಟೆಯಲ್ಲಿ ಹೇಳಿದೆ. ಎಲ್ಲರೂ ತಲೆದೂಗಿದರು. ಆದರೆ ಚೀಟಿ ಎತ್ತಿ ಅಭ್ಯಾಸವಾದ ಬುದ್ಧಿ ಸುಮ್ಮನಿರುವುದಿಲ್ಲ. ಅಳೆಯದೆ ಹೂಳನ್ನು ಎಲ್ಲಿ ಎತ್ತೋದು? ಎಷ್ಟು ಎತ್ತರಕ್ಕೆ ತಡೆಗೋಡೆ ಕಟ್ಟೋದು? ಎದುರು ಪಕ್ಷದವರು ಮೊದಲು ಕೇಳುವ ಪ್ರಶ್ನೆ ಇದೇ. ಅದೃಷ್ಟಕ್ಕೆ ಬೀದಿಯಲ್ಲಿ ಎದುರು ಪಕ್ಷ ಯಾರೂ ಇರಲಿಲ್ಲ.

ಅಮ್ಮನ ಗುಡಿಯ ಜಗಲಿಯಲ್ಲಿ ಬೀದಿಯ ಗಂಡಸರು ಸೇರಿದರು. ನನ್ನನ್ನೂ ಕರೆದರು, ಅಧಿಕಾರಿಗಳ ಹತ್ತಿರ ತಮಿಳಲ್ಲಿ ನೆಟ್ಟಗೆ ಮಾತಾಡೋದಕ್ಕೆ ಒಬ್ಬರು ಬೇಕಲ್ಲ. ನಮ್ಮ ಎದುರು ಮನೆಯ ದೊಡ್ಡಪ್ಪ, ಅಪ್ಪನ ವಯಸ್ಸಿನವರು, ನೇಯ್ಗೆಯಲ್ಲಿ ಅಪ್ಪನಿಗೆ ಸರಿಜೋಡಿ, ಮಾತು ಶುರು ಮಾಡಿದರು.

"ಯಾರು ಬಂದು ಕೇಳಿದ್ರೂ ಮೊಣಕಾಲು. ಬೀದಿ ಈ ತುದಿಯಿಂದ ಆ ತುದಿ ತನಕ ಮೊಣಕಾಲು. ಆಯ್ತಾ?"

"ಎಲ್ರೂ ಒಂದೇ ಮಾತು ಹೇಳಿದ್ರೆ ಕಲಿಸಿಕೊಟ್ಟಿದ್ದು ಅಂತ ಗೊತ್ತಾಗಲ್ವಾ ದೊಡ್ಡಪ್ಪ? ಬೀದಿ ಇಳಿಜಾರು. ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಮೊಣಕಾಲು ಹೆಂಗೆ ಬರ್ತೈತೆ?"

"ಹಂಗಾದ್ರೆ ಮೇಲಿನೋರು ಹಿಮ್ಮಡಿ ಅನ್ಲಿ, ನಡುವಿನೋರು ಮೀನಖಂಡ ಅನ್ಲಿ," ಅಂದ ಮಾವ. "ಕೊನೇ ಮನೆಯೋರು, ಭಾವ, ನೀವು ಮೊಣಕಾಲು. ಬೀದಿಗೆಲ್ಲ ಸೇರಿ ಒಂದೇ ಕಾಲು!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬರುವಾಗ ನನಗೆ ಹೇಳಿದರು:

"ಕಣ್ಣು, ನೀನು ಎರಡೂ ಕಡೆಗೂ ಮಾತಾಡೋಳು. ಈ ಒಂದು ಸಲ ನಮ್ಮ ಕಡೆ ಮಾತ್ರ ಮಾತಾಡು."

ನಾನು ಹೂಂ ಅಂದೆ. ಸೊಂಟ ಅಂದರೆ ಮನೆ ಹೋಗುತ್ತೆ. ಮೊಣಕಾಲು ಅಂದು, ಅದನ್ನು ನಂಬಿ ಅವರು ಹಳ್ಳವನ್ನು ಹಾಗೇ ಬಿಟ್ಟು, ಮತ್ತೆ ನೀರು ಬಂದರೆ? ಏಣಿ ಹಿಡಿದು ನಿಲ್ಲೋಳು ಅವ್ವ.

ಸರ್ವೆಯವರು ಬಂದದ್ದು ಬೆಳಿಗ್ಗೆ, ಬೀದಿಯಲ್ಲಿ ಪಾವು ಹಾಸಿದ್ದ ಹೊತ್ತಿಗೆ. ನಗರಸಭೆಯ ಗುಮಾಸ್ತರು ಮುಂದೆ, ಅಳತೆ ಕೋಲು ಹೊತ್ತ ಆಳು ಹಿಂದೆ, ನಡುವೆ ಮೂರು ಕಾಲಿನ ದುರ್ಬೀನು ಹಿಡಿದ ತೆಳ್ಳಗಿನ ಯುವಕ. ಅಧ್ಯಯನವನ್ನು ಹೊರಗಿನ ಒಂದು ಕಂಪನಿಗೆ ವಹಿಸಿದ್ದರು, ಅದರ ಸರ್ವೇಯರು ಇವರು. ಗುಮಾಸ್ತರು ಪಾವನ್ನು ದಾಟಲು ಕಾಲೆತ್ತಿದರು. ಕುಂಚ ಹಿಡಿದು ನಿಂತಿದ್ದ ದೊಡ್ಡಪ್ಪ ಕೂಗಿಕೊಂಡರು. ಹಾಸಿದ ಪಾವನ್ನು ಯಾರೂ ಮೇಲಿಂದ ದಾಟುವುದಿಲ್ಲ, ಮಕ್ಕಳು ಕೂಡ. ಗುಮಾಸ್ತರು ಬೆಚ್ಚಿ ಹಿಂದೆ ಸರಿದರು. ಸರ್ವೇಯರು ಏನೂ ಕೇಳದೆ ದುರ್ಬೀನನ್ನು ಎದೆಗೆ ಅವುಚಿಕೊಂಡು, ಬಗ್ಗಿ, ನೂಲಿಗೆ ತಲೆ ತಾಗದ ಹಾಗೆ ಅಡಿಯಿಂದ ದಾಟಿ ಬಂದರು. ಹಾಗೆ ಬಗ್ಗೋದು ನಮ್ಮವರು ಮಾತ್ರ. ನಾನು ನೋಡಿದೆ, ಆದರೆ ಮನಸ್ಸಿನಲ್ಲಿ ನನ್ನ ಭಾಷಣ ಓಡುತ್ತಿತ್ತು.

ಇಲ್ಲಿ ನಮ್ಮ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕನ್ನಡ ಹೊಸಲಿನ ಒಳಗಿನದು. ಅಂಗಡಿ, ಶಾಲೆ, ಬಸ್ಸು, ಬೀದಿಜಗಳ ಎಲ್ಲವೂ ತಮಿಳು. ಕನ್ನಡದ ಅಕ್ಷರ ಯಾರಿಗೂ ಬರುವುದಿಲ್ಲ, ನಾನು ಕಲಿತದ್ದೂ ಈಚೆಗೆ, ಹಟಕ್ಕೆ. ಓದಲಾಗದ ಈ ಭಾಷೆಯಿಂದ ನಮಗೆ ದೊಡ್ಡ ಉಪಯೋಗ ಒಂದಿತ್ತು. ನೂಲಿನ ವ್ಯಾಪಾರಿಯೋ ಅಧಿಕಾರಿಯೋ ಎದುರಿಗೆ ಕೂತಿದ್ದಾಗ, ಮುಖದಲ್ಲಿ ತಮಿಳು ನಗು ಇಟ್ಟುಕೊಂಡೇ ನಾವು ನಮ್ಮೊಳಗೆ ಕನ್ನಡದಲ್ಲಿ ಏನು ಬೇಕಾದರೂ ಮಾತಾಡಿಕೊಳ್ಳಬಹುದಿತ್ತು. ಅದಕ್ಕೆ ಯೋಚನೆಯೇ ಬೇಕಿರಲಿಲ್ಲ. ಹೊರಗಿನವರು ಬಂದರೆ ಜಮಖಾನೆ ಹಾಸುವ ಹಾಗೆ, ಕನ್ನಡಕ್ಕೆ ತಿರುಗುತ್ತಿದ್ದೆವು.

ಸರ್ವೇಯರು ನಮ್ಮ ಮನೆಯೊಳಗೆ ಬಂದು ಜಮಖಾನೆಯ ಮೇಲೆ ಕೂತರು. ಗುಮಾಸ್ತರು ಹೊರಗೆ ನೆರಳಲ್ಲಿ ಬೀಡಿ ಹಚ್ಚಿದರು. ಸರ್ವೇಯರು ಒಳ್ಳೆಯ ತಮಿಳಿನಲ್ಲಿ, ಆ ವರ್ಷ ಮನೆಯೊಳಗೆ ನೀರು ಎಷ್ಟು ಬಂದಿತ್ತು ಅಂತ ಕೇಳಿದರು.

"ಮೊಣಕಾಲುಂಗ ಸಾರ್," ಅಂದರು ಅಪ್ಪ, ತಮಿಳಲ್ಲಿ.

ಒಲೆಯ ಹತ್ತಿರದಿಂದ ಅವ್ವನ ಕನ್ನಡ ಬಂತು. "ಮೊಣಕಾಲಾ? ಸೊಂಟ ಮುಳುಗಿ ಏಣಿ ಹಿಡ್ಕೊಂಡು ನಿಂತಿದ್ದು ನಾನು ಯಾವ ಊರಲ್ಲಿ?"

"ಸುಮ್ನಿರು. ಸೊಂಟ ಅಂದ್ರೆ ನಾಳೆ ಕಲ್ಲು ಬಯಲಲ್ಲಿ ಮಲಗ್ಬೇಕು," ಅಂದರು ಅಪ್ಪ ಕನ್ನಡದಲ್ಲಿ, ಸರ್ವೇಯರ ಕಡೆ ನಗುತ್ತಲೇ.

"ಅಕ್ಕಾ, ನೀನು ಕುಳ್ಳಿ. ನಿನ್ನ ಸೊಂಟ ಊರೋರಿಗೆಲ್ಲ ಮೊಣಕಾಲೇ," ಅಂದ ಮಾವ.

"ಮಾವ, ನಗ್ಬೇಡ. ಅವರು ಮುಖ ನೋಡ್ತಾ ಅವ್ರೆ," ಅಂದೆ ನಾನು, ಅದೂ ಕನ್ನಡದಲ್ಲೇ. ಆಮೇಲೆ ತಮಿಳಿಗೆ ತಿರುಗಿ ನನ್ನ ಭಾಷಣ ಬಿಚ್ಚಿದೆ. ನೀರು ನಿಧಾನವಾಗಿ ಬಂದಿತ್ತು, ಅರ್ಧ ನೀರನ್ನು ಮಗ್ಗದ ಗುಂಡಿಯೇ ಕುಡಿಯಿತು, ಮಧ್ಯಾಹ್ನಕ್ಕೆಲ್ಲ ಇಳಿದು ಹೋಯಿತು, ಜನ ಭಯದಲ್ಲಿ ಹೆಚ್ಚು ಮಾಡಿ ಹೇಳುವುದು ಸಹಜ, ಆದ್ದರಿಂದ ಅಲ್ಲಿ ಇಲ್ಲಿ ಸೊಂಟ, ಎದೆ ಅಂತ ಕೇಳಿಬಂದರೆ ಅದನ್ನು ಕಳೆದು ನೋಡಬೇಕು. ಎದುರಾಳಿಯ ಬಲವಾದ ಮಾತನ್ನು ಮೊದಲು ನೀನೇ ಆಡಿ ಮುರಿದುಬಿಡು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಚೆನ್ನಾಗಿಯೇ ಆಡಿದೆ.

ಸರ್ವೇಯರು ತಲೆ ಬಗ್ಗಿಸಿ ಕೇಳಿದರು. ನಂತರ ಅವ್ವನ ಕಡೆ ತಿರುಗಿ, ತಮಿಳಲ್ಲೇ, "ನಿಮಗೆ ಎಷ್ಟು ಅನ್ನಿಸಿತಮ್ಮಾ?" ಅಂದರು.

ಅವ್ವ ಅಪ್ಪನ ಮುಖ ನೋಡಿದಳು. "ಅವರು ಹೇಳಿದ ಹಾಗೇ," ಅಂದಳು ತಮಿಳಲ್ಲಿ. ಕಾಫಿ ಲೋಟ ಮುಂದಿಡುತ್ತಾ ಕನ್ನಡದಲ್ಲಿ ಗೊಣಗಿದಳು: "ಪಾಪ, ಬಿಸಿಲಲ್ಲಿ ಒಣಗವ್ನೆ ಹುಡ್ಗ. ಮನೆಗೆ ಬಂದೋನ ಮುಂದೆ ಕೂತ್ಕೊಂಡು ನಾಲ್ಕು ಜನ ಸೇರಿ ಸುಳ್ಳು. ಒಳ್ಳೇದಾಗ್ತೈತಾ ನಿಮ್ಗೆ?"

ಅವರು ಕಾಫಿ ಕುಡಿದರು. ಲೋಟ ಕೆಳಗಿಟ್ಟರು. ಹೊಸಲು ದಾಟಿ, ಚಪ್ಪಲಿ ಹಾಕಿಕೊಳ್ಳುತ್ತಾ ಒಳಗೆ ನೋಡಿ ಹೇಳಿದರು:

"ಕಾಫಿ ತುಂಬಾ ಚೆನ್ನಾಗಿತ್ತಕ್ಕಾ. ಬರ್ತೀನಿ."

ಕನ್ನಡದಲ್ಲಿ. ಗಡಿಯ ಆ ಕಡೆಯ ಕನ್ನಡ, ರೇಡಿಯೋದಲ್ಲಿ ಕೇಳುವಂಥದ್ದು.

ಮಾವನ ನಗು ಅರ್ಧಕ್ಕೇ ನಿಂತಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಅಪ್ಪ ಖಾಲಿ ಲೋಟವನ್ನೇ ನೋಡುತ್ತಿದ್ದರು.

ಆಮೇಲೆ ಶುರುವಾಯಿತು ಕಾಯೋದು. ಸರ್ವೇಯರು ಕೊಳ್ಳೇಗಾಲದ ಕಡೆಯವರಂತೆ, ಅವರದೂ ನೇಯುವವರ ಬೀದಿಯಂತೆ, ಸೇಲಂ ಹತ್ತಿರ ವರ್ಷಗಟ್ಟಲೆ ಕೆಲಸ ಮಾಡಿ ತಮಿಳು ಕಲಿತವರಂತೆ. ಎಲ್ಲವನ್ನೂ ಗುಮಾಸ್ತರು ಹೇಳಿದರು, ಬೀದಿಗೆಲ್ಲ ಹರಡಿತು. ಅವರು ಏನು ಬರೆದುಕೊಂಡರು ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಬಾವಿಕಟ್ಟೆಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ದೊಡ್ಡಪ್ಪ ಅಪ್ಪನ ಮುಖಕ್ಕೇ ಅಂದರು: "ನಿಮ್ಮ ಮನೇಲಿ ಬಾಯಿ ಸ್ವಲ್ಪ ಸಡಿಲ. ಬೀದೀನೇ ಮುಳುಗಿಸಿಬಿಟ್ರಲ್ಲ, ನೀರಿಲ್ದೆ." ಅವರ ಮನೆಯಲ್ಲಿ ಸರ್ವೇಯರ ಮುಂದೆ ಕನ್ನಡದಲ್ಲಿ ಏನು ಮಾತಾಡಿಕೊಂಡಿದ್ದರು ಅಂತ ನಾನು ಕೇಳಬಹುದಿತ್ತು. ಅಪ್ಪ ಕಣ್ಣಲ್ಲೇ ಬೇಡ ಅಂದರು. ಅಪ್ಪನ ನೇಯ್ಗೆಯಲ್ಲಿ ಎಳೆ ಕಡಿಯತೊಡಗಿತು. ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾ, ಮತ್ತೆ ಕಡಿಯುತ್ತಾ, ಮಧ್ಯಾಹ್ನವೇ ಗುಂಡಿಯಿಂದ ಎದ್ದುಬಿಡುತ್ತಿದ್ದರು. ಪಡುವಣದಲ್ಲಿ ಒಂದು ಮೋಡ ಕಂಡರೂ ಮನೆಯಲ್ಲಿ ಇಬ್ಬರಿಗೆ ಎರಡು ಬೇರೆ ಬೇರೆ ಭಯ. ಅವ್ವ ಗುಂಡಿ ನೋಡುತ್ತಿದ್ದಳು, ಅಪ್ಪ ಬಾಗಿಲು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಕಾಲೇಜಿನಿಂದ ಬರುವಾಗ ಮಾವನನ್ನು ಜೊತೆ ಕರೆದುಕೊಂಡು ನಗರಸಭೆಯ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಸರ್ವೆಯವರಿಗೆ ಜಾಗ ಕೊಟ್ಟಿದ್ದರು. ಮಾವ ಬಾಗಿಲಲ್ಲೇ ನಿಂತ, "ನೀನೇ ಮಾತಾಡು, ನಾನು ಕನ್ನಡಾನೂ ಮರೆತೆ, ತಮಿಳೂ ಮರೆತೆ," ಅಂತ.

ಸರ್ವೇಯರು ಕನ್ನಡದಲ್ಲೇ ಕೂರಲು ಹೇಳಿದರು.

"ನೀವು ಮೊದಲೇ ಹೇಳ್ಬೇಕಿತ್ತು ಸಾರ್, ಕನ್ನಡ ಬರ್ತೈತೆ ಅಂತ."

"ನೀವು ಕೇಳಲಿಲ್ಲವಲ್ಲ."

"ನಮ್ಮ ಮನೆ ಮಾತನ್ನ ನೀವು ಸಾಕ್ಷಿ ಅಂತ ತಗೊಳ್ಳೋದು ನ್ಯಾಯ ಅಲ್ಲ. ನಿಮಗೆ ಹೇಳಿದ್ದು ಬೇರೆ, ನಾವು ನಮ್ಮೊಳಗೆ ಆಡಿದ್ದು ಬೇರೆ."

"ಎರಡರಲ್ಲಿ ನಿಜ ಯಾವುದು?"

"ಅದು ಪ್ರಶ್ನೆ ಅಲ್ಲ ಸಾರ್."

ಅವರಿಗೆ ನಗು ಬಂತು. "ನನ್ನ ಕೆಲಸದಲ್ಲಿ ಅದೊಂದೇ ಪ್ರಶ್ನೆ, ಅಮ್ಮ."

ನಾನು ಬಿಡಲಿಲ್ಲ. ಗೆರೆ ಒಳಗೆ ಬಂದ ಮನೆಗಳನ್ನು ಏನು ಮಾಡುತ್ತಾರೆ? ಗೊತ್ತಿಲ್ಲ ಅಂದರು. ಗೆರೆ ನೋಡಿ ಹಳ್ಳದ ಹೂಳು ಎತ್ತುತ್ತಾರಾ, ತಡೆಗೋಡೆ ಕಟ್ಟುತ್ತಾರಾ? ಗೊತ್ತಿಲ್ಲ. ಮದರಾಸು ಕೊಟ್ಟ ದುಡ್ಡು ಗೆರೆ ಎಳೆಯುವುದಕ್ಕೆ ಮಾತ್ರ, ಆಮೇಲಿನದಕ್ಕೆ ಬೇರೆ ದುಡ್ಡು ಕೇಳಬೇಕು, ಕೇಳುವವನು ನಾನಲ್ಲ ಅಂದರು. "ಗೊತ್ತಿಲ್ಲ ಅನ್ನೋದಕ್ಕಾ ಇಷ್ಟು ದೂರದಿಂದ ಬಂದ್ರಿ?" ಅಂದುಬಿಟ್ಟೆ. ಅವರ ಮುಖ ಕೆಂಪಾಯಿತು.

"ನೀರು ಎಷ್ಟು ಎತ್ತರ ಬಂತು, ಅದು ಬರೆಯೋದು ನನ್ನ ಕೆಲಸ. ಮನೆ ಬಿಡಿಸೋದು ನನ್ನ ಕೈಲಿಲ್ಲ, ಬಿಡಿಸದೆ ಇರೋದೂ ನನ್ನ ಕೈಲಿಲ್ಲ. ನಿಮ್ಮ ಮನೆ ಬೀದಿಯ ಕಡೆಯದು, ಎಲ್ಲಕ್ಕಿಂತ ತಗ್ಗಿನದು. ನಿಮ್ಮಲ್ಲಿ ಬರೆದ ಎತ್ತರದ ಮೇಲೆ ಬೀದಿಯ ಗೆರೆ ನಿಲ್ಲುತ್ತೆ. ಅದಕ್ಕೇ ಇನ್ನೂ ಬರೆದಿಲ್ಲ, ಜಾಗ ಖಾಲಿ ಇದೆ. ನಿಮ್ಮ ತಂದೆ ಬರಲಿ. ಮೊಣಕಾಲು ಅಂತ ಅವರು ಸಹಿ ಹಾಕಿ ಕೊಟ್ಟರೆ ನಾನು ಮೊಣಕಾಲೇ ಬರೀತೀನಿ. ಅಡಿಗೆಮನೆಯಲ್ಲಿ ಕೇಳಿದ್ದನ್ನು ಮರೀತೀನಿ. ಇದಕ್ಕಿಂತ ಹೆಚ್ಚು ನನಗೆ ಆಗಲ್ಲ."

ಗೆದ್ದೆ ಅಂತ ಅನ್ನಿಸಬೇಕಿತ್ತು. ಬಸ್ ಸ್ಟ್ಯಾಂಡಿನ ತನಕ ನನಗೂ ಹಾಗೇ ಅನ್ನಿಸಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪನ ಮುಖ ಒಮ್ಮೆ ಅರಳಿತು. "ಸಹಿ ತಾನೇ? ನಾಳೇನೇ ಹಾಕ್ತೀನಿ."

ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಏನುಂಗ, ಹಾಕಿ. ಹಂಗೇ ಆ ಕಾಗದದ್ದು ಇನ್ನೊಂದು ಪ್ರತಿ ಕೇಳಿ ತಗೊಂಡ್ಬನ್ನಿ. ಮತ್ತೆ ನೀರು ಬಂದಾಗ ಬಾಗ್ಲಿಗೆ ಅಡ್ಡ ಇಟ್ಕೊಳ್ಳಾಣ."

"ಅಕ್ಕಾ, ಪ್ರತಿ ವರ್ಷ ಬರ್ತೈತಾ ನೀರು?" ಅಂದ ಮಾವ.

"ನಿಂಗೇನೋ, ಕುರಿಚೀಲಿ ಬೆಂಕಿ ಮುಂದೆ ನಿಂತಿರ್ತೀಯ. ನೀರಲ್ಲಿ ನಿಂತೋಳು ನಾನು."

ಅಪ್ಪನಿಗೆ ಸಿಟ್ಟು ಬಂತು. "ಕಲ್ಲು ಬಯಲಿಗೆ ಹೋದ್ರೆ ಏನು ತಿಂತೀಯ? ಬಂಡೇನ? ನಂಗೆ ಬೇರೆ ಕೆಲ್ಸ ಬರ್ತೈತಾ?"

"ನಾನು ಹೋಗಾಣ ಅಂದ್ನಾ? ನೀರು ಬಂದಿದ್ದು ಎಷ್ಟು ಅಂತ ಹೇಳಿ ಅಂದೆ. ಹೇಳಿ, ಆಮೇಲೆ ಇಲ್ಲಿಂದ ಹೋಗಲ್ಲ ಅಂತ ಜಗಳ ಆಡಿ. ಅದಕ್ಕೆ ಮಗಳ್ನ ಓದಿಸ್ತಾ ಇಲ್ವಾ?"

ಮೂವರೂ ನನ್ನ ಕಡೆ ನೋಡಿದರು. ನನಗೆ ಆ ಕ್ಷಣ ಎರಡೂ ಪಕ್ಷದ ಮಾತು ಚೆನ್ನಾಗಿ ಕಾಣುತ್ತಿತ್ತು. ಸಹಿ ಹಾಕಿದರೆ ಈ ವರ್ಷ ಮಗ್ಗ ಉಳಿಯುತ್ತದೆ, ಹಾಕದಿದ್ದರೆ ಉಳಿಯುತ್ತದೆ ಅನ್ನೋದಕ್ಕೆ ಏನೂ ಖಾತ್ರಿ ಇಲ್ಲ. ನಿಜ ಹೇಳಿದರೆ ಹೂಳೆತ್ತಲು ಕೇಳೋದಕ್ಕೆ ನಮಗೊಂದು ಹಿಡಿ ಸಿಗುತ್ತದೆ, ಸುಳ್ಳು ಹೇಳಿದರೆ ಕೇಳೋದಕ್ಕೂ ಬಾಯಿ ಇರುವುದಿಲ್ಲ. ಚೀಟಿ ಎತ್ತಿ ಕೊಡುವ ಮೇಷ್ಟ್ರು ಅಲ್ಲಿರಲಿಲ್ಲ.

"ಅವ್ವ ಹೇಳೋದು ಸರಿ," ಅಂದೆ. ಹೇಳಿ ಭಯವಾಯಿತು. ವಾದದಲ್ಲಿ ಗೆದ್ದಾಗ ಹಾಗೆ ಭಯವಾಗುತ್ತಿರಲಿಲ್ಲ.

ಅಪ್ಪ ಎದ್ದು ಹಿತ್ತಿಲಿಗೆ ಹೋಗಿ ಹಳ್ಳ ನೋಡುತ್ತಾ ನಿಂತರು.

ಮರುದಿನ ಬೆಳಗಾಗುತ್ತಲೇ ಅಪ್ಪ ಒಗೆದ ಪಂಚೆ ಉಟ್ಟು, ನನ್ನನ್ನು ಕರೆದುಕೊಂಡು ಹೊರಟರು. ಸಹಿ ಹಾಕುತ್ತಾರೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ದಾರಿಯಲ್ಲಿ ಒಂದೇ ಮಾತು: "ಮೋಡ ಐತೆ ಅಲ್ವಾ ಕಣ್ಣು?" ಆಕಾಶ ಬಿಳಿಚಿಕೊಂಡಿತ್ತು ಅಷ್ಟೆ. ಹೂಂ ಅಂದೆ.

ಸರ್ವೇಯರು ಇನ್ನೂ ಕೆಲಸಕ್ಕೆ ಹೊರಡದೆ ನಗರಸಭೆಯ ಅಂಗಳದಲ್ಲೇ ಇದ್ದರು, ಅಳತೆ ಕೋಲನ್ನು ಬೇವಿನ ಮರಕ್ಕೆ ಒರಗಿಸಿದ್ದರು. ಅಪ್ಪನನ್ನು ಕಂಡು "ಬನ್ನಿ ಯಜಮಾನ್ರೇ" ಅಂತ ಎದ್ದು, ಒಂದು ಹಾಳೆಯನ್ನೂ ಪೆನ್ನನ್ನೂ ಮುಂದೆ ಹಿಡಿದರು. ಅಪ್ಪ ಪೆನ್ನು ತೆಗೆದುಕೊಂಡರು. ತಮಿಳಲ್ಲಿ ಹೆಸರು ಬರೆಯೋದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕು. ಪೆನ್ನನ್ನು ಹಿಡಿದುಕೊಂಡು ನಿಂತೇ ಇದ್ದರು.

"ಮೊಣಕಾಲು ಅಲ್ಲ," ಅಂದರು ಅಪ್ಪ, ಕನ್ನಡದಲ್ಲಿ. "ಸೊಂಟ."

"ಯಾರ ಸೊಂಟ ಯಜಮಾನ್ರೇ? ನಿಮ್ಮ ಮನೆಯವರದಾ, ನಿಮ್ಮದಾ?"

"ಅವಳಿಗೆ ಸೊಂಟದ ಮೇಲೆ. ನನಗೆ ಸರಿಯಾಗಿ ಸೊಂಟ. ಪಂಚೆ ಕಟ್ಟೋ ಜಾಗ."

"ನಿಲ್ಲಿ. ಅಳೆದುಬಿಡೋಣ."

ಅಪ್ಪ ಬೇವಿನ ಮರದ ಪಕ್ಕ ನಿಂತರು. ಆಳು ಕೋಲನ್ನು ತಂದು ಅವರ ಪಕ್ಕಕ್ಕೆ ನೆಟ್ಟ. ಶಾಲೆಗೆ ಸೇರಿಸುವಾಗ ಮಕ್ಕಳ ಎತ್ತರ ಅಳೆಯುವ ಹಾಗೆ. ದಾರಿಯಲ್ಲಿ ಹೋಗುವ ಒಂದಿಬ್ಬರು ನಿಂತು ನೋಡಿದರು. ಅಪ್ಪ ಎದುರಿಗಿದ್ದ ಕಾಂಪೌಂಡು ಗೋಡೆಯನ್ನೇ ನೋಡುತ್ತಾ, ಪಂಚೆಯ ಗಂಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಸರ್ವೇಯರು ಬಗ್ಗಿ ಅಂಕಿ ನೋಡಿದರು.

ನನಗೆ ಅದು ಆಗ ಕಂಡಿತು. ಪಂಚೆಯೊಳಗೆ ಅಪ್ಪನ ಮೊಣಕಾಲುಗಳು ಸ್ವಲ್ಪ ಬಗ್ಗಿದ್ದವು. ಜೀವಮಾನವೆಲ್ಲ ಗುಂಡಿಯಲ್ಲಿ ಕೂತ ಕಾಲು ಅದಾಗೇ ಬಗ್ಗಿತೋ, ಬೇಕಂತಲೇ ಬಗ್ಗಿಸಿದರೋ, ಈಗಲೂ ನನಗೆ ಗೊತ್ತಿಲ್ಲ. ಅಷ್ಟು ಬಗ್ಗಿದರೆ ಗೆರೆ ಎಷ್ಟು ಕೆಳಗೆ ಬರುತ್ತದೆ, ಯಾರ ಯಾರ ಮನೆ ಹೊರಗುಳಿಯುತ್ತದೆ, ನಮ್ಮದು ಉಳಿಯುತ್ತದೋ ಇಲ್ಲವೋ, ತಲೆಯಲ್ಲಿ ಲೆಕ್ಕ ಓಡಿತು. ಸರ್ವೇಯರು ಅಂಕಿ ನೋಡುತ್ತಿದ್ದರು, ಕಾಲನ್ನಲ್ಲ. ಅವರ ಪೆನ್ಸಿಲ್ಲು ಹಾಳೆಯ ಹತ್ತಿರ ಬಂದಿತ್ತು.

"ಅಪ್ಪಾ," ಅಂದೆ. "ನೆಟ್ಟಗೆ ನಿಂತ್ಕೊಳ್ಳಿ."

ಅಪ್ಪ ನನ್ನ ಕಡೆ ನೋಡಲಿಲ್ಲ. ಒಮ್ಮೆ ಉಸಿರೆಳೆದುಕೊಂಡು ಕಾಲು ನೆಟ್ಟಗೆ ಮಾಡಿದರು. ಸರ್ವೇಯರು ಮತ್ತೊಮ್ಮೆ ಬಗ್ಗಿ ನೋಡಿ ಬರೆದುಕೊಂಡರು.

ವಾಪಸು ಬಂದಾಗ ಬೀದಿಯಲ್ಲಿ ದೊಡ್ಡಪ್ಪನ ಪಾವು ಹಾಸಿತ್ತು. ಬಿಸಿಲೇರುವ ಮುಂಚೆ ಮುಗಿಸಬೇಕು ಅಂತ ಬೀದಿಯವರು ಎರಡು ಕಡೆಯೂ ನಿಂತು ಕುಂಚ ಎಳೆಯುತ್ತಿದ್ದರು. ನಮ್ಮನ್ನು ಕಂಡು ಕೈಗಳು ನಿಂತವು. ಮೆಟ್ಟಿಲ ಮೇಲಿದ್ದ ಮಾವ ಎದ್ದ. ಅವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ಏನಂದ್ರಿ ಭಾವ?"

"ಸೊಂಟ ಅಂದೆ," ಅಂದರು ಅಪ್ಪ, ಬೀದಿಗೆಲ್ಲ ಕೇಳುವ ಹಾಗೆ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ದೊಡ್ಡಪ್ಪ ಗಂಜಿ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ನಮ್ಮನೆ ನಿಮ್ಮದಕ್ಕಿಂತ ಒಂದು ಮೆಟ್ಟಿಲು ಮೇಲೈತೆ. ನಾನು ಹೋಗಿ ಮೊಣಕಾಲು ಅಂತ್ಲೇ ಬರ್ಕೊಡ್ತೀನಿ."

"ಬರ್ಕೊಡು."

"ಗೆರೆ ನಿಮ್ಮ ಹೊಸಲಿಗೇ ನಿಲ್ಲಲಿ."

"ನಿಲ್ಲಲಿ."

ದೊಡ್ಡಪ್ಪ ಇನ್ನೂ ಏನೋ ಹೇಳೋರಿದ್ದರು. ಆದರೆ ಬಿಸಿಲು ಏರುತ್ತಿತ್ತು, ಗಂಜಿ ಬಳಿದ ನೂಲು ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ ಕಟ್ಟಿಕೊಳ್ಳುತ್ತದೆ. ಪಾವಿನ ಈ ಕಡೆ ತೀಡೋದಕ್ಕೆ ಒಬ್ಬರು ಕಡಿಮೆ ಇದ್ದರು. ಅಪ್ಪ ಒಗೆದ ಪಂಚೆಯನ್ನು ಮೇಲೆತ್ತಿ ಕಟ್ಟಿ, ಖಾಲಿ ಬಿದ್ದಿದ್ದ ಕುಂಚ ಎತ್ತಿಕೊಂಡು ಅವರ ಎದುರಿಗೆ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ನೂಲನ್ನು ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ತೀಡುತ್ತಾ ಹಳ್ಳದ ಕಡೆಗೆ ನಡೆದರು.